ಬ್ಯೂಟಿ ಕ್ವಾರ್ಕ್ ಕ್ಷಯ: ಸ್ಟ್ಯಾಂಡರ್ಡ್ ಮಾಡೆಲ್ ಗೆದ್ದಾಯ್ತಲ್ಲ?

ಕಾಡುಹರಟೆ: 2021ರ ಮಾರ್ಚಲ್ಲಿ ಸರ್ನ್ ಪ್ರಯೋಗಾಲಯದ ಎಲ್‌ಎಚ್‌ಸಿಬಿ ತಂಡದವರು ಬ್ಯೂಟಿ ಕ್ವಾರ್ಕ್ ಅನ್ನೋ ಮೂಲಕಣ ಇರೋ ಬಿ ಮೆಸಾನ್ ಕಣದ ವಿರಳ ಕ್ಷಯ ಅಳೆದು, ಎಲೆಕ್ಟ್ರಾನ್ ಜೋಡಿ 100 ಸಿಗೋ ಕಡೆ ಮ್ಯೂಆನ್ (ಎಲೆಕ್ಟ್ರಾನಿನ ತೂಕದ ಅಣ್ಣ) ಜೋಡಿ 85ರಷ್ಟೇ ಅಂದಿದ್ರು. ಮೂಲಕಣಗಳ ಒಪ್ಪಿತ ಸಿದ್ಧಾಂತವಾದ ಸ್ಟ್ಯಾಂಡರ್ಡ್ ಮಾಡೆಲ್ ಪ್ರಕಾರ ಎರಡೂ ಸಮ ಇರ್ಬೇಕು. ಊರೆಲ್ಲ ಡಂಗುರ! 2022ರ ಡಿಸೆಂಬರಲ್ಲಿ ಅವರೇ ‘ಸಮ ಇದೆ’ ಅಂದ್ರು. ಅಲ್ಲಿಗೆ ಕಥೆ ಮುಗೀತು.

ರಿಟೈರ್ಡ್ ಮೇಷ್ಟ್ರು: ‘ಮುಗೀತು’ ಅನ್ನೋಕೆ ನೀವ್ಯಾರು? ಪಯಾನ್, ಕೇಯಾನ್ ಅನ್ನೋ ಬೇರೆ ಕಣಗಳು ಎಲೆಕ್ಟ್ರಾನ್ ವೇಷ ಹಾಕ್ಕೊಂಡು ಲೆಕ್ಕದೊಳಗೆ ನುಸುಳಿದ್ವು. ಸೋಸಿದ ಮೇಲೆ ಆ ಒಂದು ಅನುಪಾತ ಸರಿಹೋಯ್ತು, ಅಷ್ಟೇ. ಮ್ಯೂಆನ್‌ಗಳು ಹಾರೋ ಕೋನ ಮಾಡೆಲ್ ಲೆಕ್ಕಕ್ಕೆ ಕೂರಲ್ಲ ಅನ್ನೋ ತಕರಾರು 2013ರಿಂದ ಹಾಗೇ ಇದೆ.

ಧಾರವಾಡ ಪೇಡೆ: ಅದೇನ್ರೀ ‘ಕ್ಷಯ’? ಕ್ವಾರ್ಕಿಗೆ ಟಿಬಿ ಬಂದದೇನು? ‘ವಿಘಟನೆ’ ಅನ್ರಿ.

ರಿಟೈರ್ಡ್ ಮೇಷ್ಟ್ರು: 30 ವರ್ಷ ಪಿಯುಸಿ ಹುಡುಗರಿಗೆ ‘ವಿಕಿರಣ ಕ್ಷಯ’ ಅಂತ್ಲೇ ಪಾಠ ಮಾಡಿದೀನಿ. ಒಬ್ಬನೂ ಕೆಮ್ಮಲಿಲ್ಲ.

ಧಾರವಾಡ ಪೇಡೆ: ಕೆಮ್ಮಲಿಲ್ಲ ಅಂದ್ರ ತಿಳೀತು ಅಂತಲ್ರೀ ಸರ. ಕ್ಷಯ ಅಂದ್ರ ಸವದು ಸಣ್ಣಾಗೂದು. ಇಲ್ಲಿ ಒಂದು ಹೋಗಿ ಬ್ಯಾರೇನ ಹುಟ್ತಾವ.

ಕಾಡುಹರಟೆ: ವಿಘಟನೆ ಅಂದ್ರೆ ಒಳಗಿದ್ದದ್ದು ಬಿಡಿಬಿಡಿ ಆಗೋದು. ಬಿ ಮೆಸಾನಿನ ಒಳಗೆ ಮ್ಯೂಆನ್ ಮೊದಲೇ ಕೂತಿತ್ತಾ? ಅದೂ ತಪ್ಪೇ.

ಧಾರವಾಡ ಪೇಡೆ: ‘ಅದೂ’ ಅಂದ್ರಿ! ಅಲ್ಲಿಗೆ ಕ್ಷಯ ತಪ್ಪು ಅಂತ ನೀವ ಒಪ್ಪಿದ್ರಿ.

ರಿಟೈರ್ಡ್ ಮೇಷ್ಟ್ರು: ಯಾರ್ರೀ ಒಪ್ಪಿದ್ದು? ಪದಕ್ಕೊಂದು ಕೊಂಕು ತೆಗೆಯೋರಿಗೆ ಇಲ್ಲೇನು ಕೆಲಸ?

ಸುಮ್ನೆ ಬಂದೆ: ಅಣ್ಣಾ, 2021ರದ್ದು 3.1 ಸಿಗ್ಮಾ, ಬಹುತೇಕ ಖಚಿತ ಅಂತ ಓದಿದ್ದೆ. ಮತ್ತೆ ಹೆಂಗೆ ಬಿದ್ಹೋಯ್ತು?

ರಿಟೈರ್ಡ್ ಮೇಷ್ಟ್ರು: ಸಿಗ್ಮಾ ಹೇಳೋದು ಬರೀ ಆಕಸ್ಮಿಕವಾಗಿ ಇಂಥ ಫಲಿತಾಂಶ ಬರೋದು ಎಷ್ಟು ಅಪರೂಪ ಅನ್ನೋ ಲೆಕ್ಕ ಮಾತ್ರ. ತಕ್ಕಡಿಯೇ ವಾಲಿದ್ರೆ ನೂರು ಸಲ ತೂಗಿದ್ರೂ ಅದೇ ತಪ್ಪು. ಅದಕ್ಕೇ 5 ಸಿಗ್ಮಾ ಕೇಳೋದು.

ಕಾಡುಹರಟೆ: ವಾಲಿದ ತಕ್ಕಡಿ 5 ಸಿಗ್ಮಾ ಆದ ತಕ್ಷಣ ನೆಟ್ಟಗಾಗತ್ತಾ ಮೇಷ್ಟ್ರೇ? ನೀವು ಬರೆದಿದ್ದನ್ನ ನೀವೇ ಒಮ್ಮೆ ಓದ್ಕೊಳ್ಳಿ. ಕೋನದ ತಕರಾರೂ ಅಷ್ಟೇ, ಕ್ಷಯದ ನಡುವೆ ಚಾರ್ಮ್ ಕ್ವಾರ್ಕ್ ಹುಟ್ಟಿ ಅಳಿಯೋ ಕುಣಿಕೆಯ (ಲೂಪ್) ಲೆಕ್ಕ ಯಾರಿಗೂ ಪಕ್ಕಾ ಗೊತ್ತಿಲ್ಲ. ಬಿ-ಎಸ್ ಅನ್ನೋ ಇನ್ನೊಂದು ಬಗೆಯ ಬಿ ಮೆಸಾನ್ ಬರೀ ಎರಡು ಮ್ಯೂಆನ್ ಆಗೋದು ನೂರು ಕೋಟಿಗೆ ಮೂರೋ ನಾಕೋ ಸಲ. ಅದು ಮಾಡೆಲ್ ಹೇಳಿದಷ್ಟೇ ಸಿಕ್ತಲ್ಲ, ಅದನ್ಯಾಕೆ ನುಂಗಿದ್ರಿ?

ರಿಟೈರ್ಡ್ ಮೇಷ್ಟ್ರು: ‘ಯಾರಿಗೂ’ ಅಂತೆ! 2023ರಲ್ಲಿ ಜಪಾನಿನ ಬೆಲ್ 2 ಪ್ರಯೋಗದಲ್ಲಿ ಬಿ ಮೆಸಾನ್ ಕೇಯಾನ್ ಆಗಿ, ಜೊತೆಗೆ ಕೈಗೆ ಸಿಗದ ನ್ಯೂಟ್ರಿನೋ ಕಣಗಳ ಜೋಡಿ ಬಿಟ್ಟ ಸುಳಿವು ಸಿಕ್ತು. ಅಲ್ಲಿ ನಿಮ್ಮ ಚಾರ್ಮ್ ಕುಣಿಕೆಯ ಕಾಟ ಇಲ್ಲ. ಆದ್ರೂ ಮಾಡೆಲ್ ಹೇಳಿದ್ದಕ್ಕಿಂತ ಜಾಸ್ತಿ. 2.7 ಸಿಗ್ಮಾ.

ಕಾಡುಹರಟೆ: 3.1 ನಂಬಿ ಕೆಟ್ಟೋರಿಗೆ ಈಗ 2.7 ಸಾಕಾಯ್ತಾ!

ಧಾರವಾಡ ಪೇಡೆ: ಮೊದಲ ಕ್ಷಯ, ಈಗ ಕುಣಿಕಿ. ಆ ಕ್ವಾರ್ಕಿನ ಜೀವಾನ ತಗೀತೀರಿ ಬಿಡ್ರಿ.