ಪದಚರ್ಚೆ: ‘ಖೋತಾ ಬಜೆಟ್’ ಅಂದರೆ ಯಾರಿಗೆ ಖೋತಾ?

ಎಲ್ಲರಿಗೂ ನಮಸ್ಕಾರ.

ಬಜೆಟ್ಟಿನ ಮರುದಿನ ನಮ್ಮ ಸೋದರಮಾವ, ರಿಟೈರ್ಡ್ ಮೇಷ್ಟ್ರು, ಪೇಪರು ಹಿಡಿದುಕೊಂಡೇ ಕೇಳಿದರು: “ಖೋತಾ ಬಜೆಟ್ ಅಂತಲ್ಲೋ, ಯಾವುದಕ್ಕೆ ಖೋತಾ? ಪೆನ್ಷನ್ನಿಗೇನೋ?” ಅವರದೇನೂ ತಪ್ಪಿಲ್ಲ. ಆಡುಮಾತಿನಲ್ಲಿ ಖೋತಾ ಅಂದರೆ ಬರಬೇಕಾದ್ದು ಕೈತಪ್ಪುವುದು: ಸಂಬಳ ಖೋತಾ, ಅನುದಾನ ಖೋತಾ. ಬಜೆಟ್ಟಿಗೆ ಅಂಟಿದರೆ ಅರ್ಥ ತಿರುವುಮುರುವು. ಅಲ್ಲಿ ವರಮಾನ ಮೀರಿದ ಖರ್ಚನ್ನು ಕತ್ತರಿಸದೆ ಬಿಟ್ಟಿದ್ದರಿಂದಲೇ ಖೋತಾ.

ವಿವರಿಸಲು ಹೋಗಿ ನಾನೇ ಸಿಕ್ಕಿಕೊಂಡೆ. 2025-26ರ ರಾಜ್ಯ ಬಜೆಟ್ಟಿನ ಅಂದಾಜು ನೋಡಿ. ಒಟ್ಟು ವೆಚ್ಚ 4,09,549 ಕೋಟಿ ರೂಪಾಯಿ, ಒಟ್ಟು ಜಮೆ 4,08,647 ಕೋಟಿ. ಕಳೆದರೆ 902 ಕೋಟಿ. ಆದರೆ ರಾಜಸ್ವ ಕೊರತೆ 19,262 ಕೋಟಿಯಂತೆ, ವಿತ್ತೀಯ ಕೊರತೆ 90,428 ಕೋಟಿಯಂತೆ. ಒಂದೇ ಮನೆಯ ಲೆಕ್ಕಕ್ಕೆ ಮೂರು ಕೊರತೆ!

ಗುಟ್ಟು ಇರುವುದು ‘ಜಮೆ’ ಎಂಬ ಪದದಲ್ಲಿ. ಅದರೊಳಗೆ 1,16,000 ಕೋಟಿ ಸಾಲವೂ ಕೂತಿದೆ. ತಂದ ಸಾಲವನ್ನು ನಾವು ಸಂಪಾದನೆ ಅನ್ನುವುದಿಲ್ಲ, ಸರ್ಕಾರದ ಪುಸ್ತಕದಲ್ಲಿ ಅದೂ ಜಮೆಯೇ. ಆ ಸಾಲವನ್ನು ಹೊರಗಿಟ್ಟು, ಹಳೆ ಸಾಲದ ಅಸಲಿಗೆ ಹೋಗುವ 26,474 ಕೋಟಿಯನ್ನು ಖರ್ಚಿನಿಂದಲೂ ತೆಗೆದರೆ ಉಳಿಯುವ ಅಂತರವೇ ವಿತ್ತೀಯ ಕೊರತೆ. ಆ ವರ್ಷ ಸಾಲದ ಹೊರೆ ಎಷ್ಟು ಏರುತ್ತದೆ ಅನ್ನುವುದಕ್ಕೆ ಹೆಚ್ಚುಕಡಿಮೆ ಅದೇ ಅಳತೆ. ‘ವಿತ್ತೀಯ’ ಎಂಬ ಪದ ಇದ್ಯಾವುದನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ವಿತ್ತ ಅಂದರೆ ಹಣ, ಹಣದ ಕೊರತೆ ಅಂದರೆ ಬೊಕ್ಕಸ ಬರಿದು, ಓದುಗರು ತಿಳಿಯುವುದು ಇಷ್ಟೇ.

‘ರಾಜಸ್ವ ಕೊರತೆ’ ಬೇರೆಯೇ ಬಾಬ್ತು. ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿಯಂಥ ನಿತ್ಯದ ಖರ್ಚಿಗೆ ತೆರಿಗೆ ಮೊದಲಾದ ನಿತ್ಯದ ವರಮಾನ ಸಾಲದೆ ಹೋಗುವುದು. ಮನೆ ಕಟ್ಟಲು ಮಾಡುವ ಸಾಲ ಬೇರೆ, ದಿನಸಿಗೆ ಮಾಡುವ ಸಾಲ ಬೇರೆ ಅಲ್ಲವೆ? ಇದು ದಿನಸಿ ಸಾಲದ ಜಾತಿ. ಪತ್ರಿಕೆಯ ‘ಖೋತಾ’ ಸಾಮಾನ್ಯವಾಗಿ ಇದಕ್ಕೇ. ಕೆಲವರು ‘ಆದಾಯ ಕೊರತೆ’ ಎಂದೂ ಬರೆಯುತ್ತಾರೆ, ಅದಂತೂ ಬೇಡವೇ ಬೇಡ. ಆದಾಯ ಇಳಿಯಿತು ಎಂದಾಗಿಬಿಡುತ್ತದೆ. ಆದಾಯ ಏರಿದ ವರ್ಷವೂ ಖರ್ಚು ಅದನ್ನು ಮೀರಿದರೆ ಈ ಕೊರತೆ ಬಂದೇ ಬರುತ್ತದೆ. (ರಾಜಸ್ವದಲ್ಲಿ ನಾಲ್ಕು ಕಾಸು ಮಿಕ್ಕರೆ ‘ಉಳಿತಾಯ ಬಜೆಟ್’ ಎಂಬ ತಲೆಬರಹ ಬೇರೆ, ಆ ವರ್ಷವೂ ಸಾಲ ತಂದಿರುತ್ತಾರೆ!)

‘ವಿತ್ತೀಯ’ವನ್ನು ಈಗ ಕಿತ್ತುಹಾಕಲಾಗದು. 2002ರ ರಾಜ್ಯದ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಹೆಸರಿನಲ್ಲೇ ಅದು ತಳವೂರಿದೆ. ಬರಹಗಳಲ್ಲಾದರೂ ‘ಸಾಲಗೊರತೆ’ ಅಂದರೆ ಹೇಗೆ? ‘ಸಾಲದು’ ಅನ್ನುವುದೂ ಒಳಗೇ ಕೇಳಿಸುತ್ತದೆ ಎಂದು ಬೀಗಿದ್ದೆ. ಮಾವ ಒಪ್ಪಲಿಲ್ಲ. “ಸಾಲಕ್ಕೇ ಕೊರತೆ ಅಂದಂತಾಯ್ತಲ್ಲೋ, ಅದಕ್ಕೇನೂ ಕೊರತೆ ಕಾಣೆ,” ಅಂದರು. ಇದಕ್ಕಿಂತ ಒಳ್ಳೆಯ ಪದ ಯಾರಿಗಾದರೂ ಹೊಳೆದೀತೆ?