ಬಾಡಿಗೆ ಏರಿಸಲೇಬೇಕಾಗಿದೆ, ಕೆಳಗಿರೋರು ವಯಸ್ಸಾದವರು. ನೀವೆಲ್ಲ ಹೇಗೆ ನಿಭಾಯಿಸಿದ್ರಿ?

ಪ್ರಶ್ನೆ: ಹನುಮಂತನಗರ, ಬೆಂಗಳೂರು

30×40 ಸೈಟಿನಲ್ಲಿ ಅಪ್ಪ ಕಟ್ಟಿಸಿದ ಹಳೇ ಮನೆ ನಮ್ಮದು. ಮಹಡಿಯಲ್ಲಿ ಅಮ್ಮ, ನಾನು, ನನ್ನ ಮಗಳು. ಕೆಳಗೆ ಎರಡು ಪುಟ್ಟ ಮನೆ ಬಾಡಿಗೆಗೆ. ಒಂದರಲ್ಲಿ 2011ರಿಂದ ಮೇಷ್ಟ್ರು ಮತ್ತು ಅವರ ಹೆಂಡತಿ ಇದ್ದಾರೆ. ಮೇಷ್ಟ್ರಿಗೆ 78. ಖಾಸಗಿ ಶಾಲೆಯಲ್ಲಿ ದುಡಿದವರು, ಸರ್ಕಾರಿ ಪಿಂಚಣಿ ಇಲ್ಲ. ಬಾಡಿಗೆ 7,500, ಅಡ್ವಾನ್ಸ್ 50 ಸಾವಿರ. 2019ರಿಂದ ಒಂದು ರೂಪಾಯಿಯೂ ಏರಿಸಿಲ್ಲ. ಇದೇ ರಸ್ತೆಯಲ್ಲಿ ಇಂಥದ್ದೇ ಮನೆಗೆ 14 ಸಾವಿರ ಹೇಳ್ತಿದ್ದಾರೆ.

ಅಮ್ಮನಿಗೆ 74. ಅವರ ಔಷಧಿ, ಮನೆ ಖರ್ಚು ಎಲ್ಲ ನಡೆಯೋದು ಈ ಎರಡು ಬಾಡಿಗೆಯಲ್ಲೇ. ಈಗ ಸಂಪ್ ಬಿರುಕು ಬಿಟ್ಟಿದೆ, ರಿಪೇರಿಗೆ 60-65 ಸಾವಿರ ಅಂತಾರೆ. ನೀರಿನ ಬಿಲ್ಲು, ಕಸದ ಶುಲ್ಕ, ಪ್ಲಂಬರ್ ಕೂಲಿ ಎಲ್ಲವೂ ಏರಿದೆ. ಇದರ ಮೇಲೆ ನೆಂಟರು, “ಹನ್ನೆರಡು ವರ್ಷ ದಾಟಿದರೆ ಮನೆ ಅವರದ್ದೇ ಆಗತ್ತೆ, ಮೊದಲು ಖಾಲಿ ಮಾಡಿಸು” ಅಂತ ಹೆದರಿಸ್ತಿದ್ದಾರೆ. ಮೇಷ್ಟ್ರು ನನ್ನ ಮಗಳಿಗೆ ಒಂದನೇ ಕ್ಲಾಸಿಂದ ಹತ್ತನೇ ಕ್ಲಾಸಿನವರೆಗೂ ಲೆಕ್ಕ ಹೇಳಿಕೊಟ್ಟವರು. ಖಾಲಿ ಮಾಡಿ ಅನ್ನೋಕೆ ಬಾಯೇ ಬರಲ್ಲ. ಹೀಗೇ ಬಿಟ್ಟರೆ ಅಮ್ಮನ ಕೈ ಖಾಲಿ. ಇದನ್ನು ದಾಟಿದವರು ದಯವಿಟ್ಟು ಹೇಳಿ.

ರಾಜಾಜಿನಗರ, ನಿವೃತ್ತ ಬ್ಯಾಂಕ್ ನೌಕರ, ಎರಡು ಮನೆ ಬಾಡಿಗೆಗೆ ಕೊಟ್ಟಿದ್ದೇನೆ

ಮೊದಲು ಆ ಹನ್ನೆರಡು ವರ್ಷದ ಭಯ ಬಿಡಿ ತಾಯಿ. ಮಾಲೀಕರ ಒಪ್ಪಿಗೆಯಿಲ್ಲದೆ, ಇದು ನನ್ನದೇ ಅಂತ ಬಹಿರಂಗವಾಗಿ ಹಿಡಿದು ಕೂತವರಿಗೆ ಆ ಮಾತು. ಬಾಡಿಗೆ ಕೊಡ್ತಾ ಇರೋರು ನಿಮ್ಮ ಒಪ್ಪಿಗೆಯ ಮೇಲೆ ಇರೋರು. ಅವರು 12 ವರ್ಷ ಇರಲಿ, 40 ವರ್ಷ ಇರಲಿ, ಬಾಡಿಗೆದಾರರೇ. ಕರಾರು ಪ್ರತಿ 11 ತಿಂಗಳಿಗೆ ಹೊಸದಾಗಲಿ, ಬಾಡಿಗೆ ಬ್ಯಾಂಕ್ ಖಾತೆಗೆ ಬರಲಿ ಅಥವಾ ರಶೀದಿ ಕೊಡಿ. ಅಷ್ಟು ಸಾಕು. ಈ ತಪ್ಪು ತಿಳಿವಳಿಕೆಯಿಂದ ನಮ್ಮ ಬೀದಿಯಲ್ಲೇ ಇಬ್ಬರು ವಯಸ್ಸಾದವರು ಮನೆ ಬಿಟ್ಟಿದ್ದನ್ನು ನೋಡಿದ್ದೇನೆ.

ಇನ್ನು ಏರಿಕೆಯ ವಿಷಯ. ನಾನು ಮಾಡಿದ ತಪ್ಪನ್ನೇ ಹೇಳುತ್ತೇನೆ. ನಮ್ಮ ಹಿಂದಿನ ಮನೆಯಲ್ಲಿ ಒಬ್ಬ ವಿಧವೆ ಅಮ್ಮ ಇದ್ದರು. 2012ರಿಂದ 2020ರವರೆಗೆ ನಾನು ಬಾಡಿಗೆ ಮುಟ್ಟಲೇ ಇಲ್ಲ. ಪಾಪ, ಇರಲಿ ಅಂದುಕೊಂಡೆ. ಆ ವರ್ಷ ಬೋರ್‌ವೆಲ್ ಮೋಟರು ಸುಟ್ಟಿತು, ತಾರಸಿ ಸೋರಿತು, ನನಗೂ ಕೈ ಕಟ್ಟಿತು. ಒಂದೇ ಸಲ ನಾಲ್ಕು ಸಾವಿರ ಹೆಚ್ಚಿಗೆ ಕೇಳಿದೆ. ಆಯಮ್ಮ ಜಗಳ ಆಡಲಿಲ್ಲ, ಒಂದು ಮಾತೂ ಎತ್ತಲಿಲ್ಲ. ತಿಂಗಳೊಳಗೆ ತುಮಕೂರಿನ ಮಗಳ ಮನೆಗೆ ಹೋದರು. ಹೋಗೋವಾಗ, “ವರ್ಷಾ ವರ್ಷಾ ಇನ್ನೂರು ಮುನ್ನೂರು ಕೇಳಿದ್ರೆ ಕೊಡ್ತಿದ್ದೆ ರಾಯರೇ, ಅದಕ್ಕೆ ತಕ್ಕ ಹಾಗೆ ಬದುಕಿಕೊಳ್ತಿದ್ದೆ” ಅಂದರು. ಅದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಎಂಟು ವರ್ಷ ಸುಮ್ಮನಿದ್ದು ಅವರಿಗೆ ಉಪಕಾರ ಮಾಡಿದೆ ಅಂದುಕೊಂಡಿದ್ದೆ.

ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳಿ. 2019ರ 7,500ಕ್ಕೆ ವರ್ಷಕ್ಕೆ ನೂರಕ್ಕೆ ಐದರಂತೆ ಹಾಕುತ್ತಾ ಬಂದಿದ್ದರೆ 2025ಕ್ಕೆ ಸುಮಾರು 10,050 ಆಗುತ್ತಿತ್ತು. ಅದನ್ನು ಗುರಿ ಅಂತ ಇಟ್ಟುಕೊಳ್ಳಿ, 14 ಸಾವಿರವನ್ನಲ್ಲ. ಅಲ್ಲಿಗೂ ಒಂದೇ ಸಲ ಹೋಗಬೇಡಿ. ಈಗ ಒಂದು ಸಾವಿರ, ಆಮೇಲೆ ಪ್ರತಿ ಯುಗಾದಿಗೆ ಇಷ್ಟು ಅಂತ ಕರಾರಿನಲ್ಲೇ ಬರೆಸಿ. ಮಾತಾಡೋಕೆ ಹೋಗುವಾಗ ಬಿಲ್ಲುಗಳನ್ನು ಕೈಯಲ್ಲಿ ಹಿಡಿದು ಹೋಗಿ. ಜಲಮಂಡಳಿ 2014ರ ನಂತರ ಮೊದಲ ಸಲ ದರ ಏರಿಸಿದ್ದು 2025ರ ಏಪ್ರಿಲ್‌ನಲ್ಲಿ. ಬಳಕೆ ಹೆಚ್ಚಿದಂತೆ ಲೀಟರಿನ ದರವೂ ಹೆಚ್ಚು. ಒಂದೇ ಮೀಟರಿನಲ್ಲಿ ಮೂರು ಸಂಸಾರ ಇದ್ದರೆ 8,000 ಲೀಟರಿನ ಸ್ಲಾಬು ಬೇಗ ದಾಟಿ ಮೇಲಿನದಕ್ಕೆ ಹೋಗುತ್ತೆ. ಕಸದ ಶುಲ್ಕ ಅದೇ ಏಪ್ರಿಲ್‌ನಿಂದ ಕಂದಾಯದ ಜೊತೆ ಸೇರಿದೆ, 1,001ರಿಂದ 2,000 ಚದರಡಿಯ ಕಟ್ಟಡಕ್ಕೆ ತಿಂಗಳಿಗೆ 100. ಬಾಡಿಗೆಗೆ ಕೊಟ್ಟ ಭಾಗದ ಕಂದಾಯದ ದರ ನಾವೇ ವಾಸ ಇರೋ ಭಾಗದ ಎರಡರಷ್ಟು. ಇದೆಲ್ಲ ಕೆಳಗಿನವರಿಗೆ ಹೇಗೆ ಗೊತ್ತಾಗಬೇಕು? ನಾವು ತೋರಿಸಿದರೆ ತಾನೆ?

ನೀರಿನ ಬಿಲ್ಲನ್ನು ಮನೆ ಲೆಕ್ಕದಲ್ಲಿ ಹಂಚಬೇಡಿ, ತಲೆ ಲೆಕ್ಕದಲ್ಲಿ ಹಂಚಿ. ಪಕ್ಕದ ಮನೆಯಲ್ಲಿ ಐದು ಜನ ಇದ್ದು ವಾಷಿಂಗ್ ಮೆಷಿನ್ ಓಡುತ್ತಿರುತ್ತೆ. ಮೇಷ್ಟ್ರ ಮನೆಯಲ್ಲಿ ಇಬ್ಬರೇ, ಎರಡು ಬಕೆಟ್ಟಿನಲ್ಲಿ ಸ್ನಾನ ಮುಗಿಯುತ್ತೆ. ಸಮನಾಗಿ ಹಂಚಿದರೆ ಅದು ನ್ಯಾಯ ಅಲ್ಲ.

ಸಂಪ್ ರಿಪೇರಿಗೆ ಒಂದು ದಾರಿ ಇದೆ. ಮೇಷ್ಟ್ರ ಹತ್ತಿರ ಠೇವಣಿ ಹಣ ಇದ್ದರೆ ಅಡ್ವಾನ್ಸನ್ನು ಒಂದು ಲಕ್ಷದಷ್ಟು ಹೆಚ್ಚಿಸಿಕೊಂಡು, ಬಾಡಿಗೆಯಲ್ಲಿ ಸಾವಿರ ಕಡಿಮೆ ಮಾಡಬಹುದು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಶೇಕಡ 8.2ರಂತೆ ಲಕ್ಷಕ್ಕೆ ತಿಂಗಳ ಲೆಕ್ಕದಲ್ಲಿ 683 ರೂಪಾಯಿ ಬರುತ್ತೆ. ಇಲ್ಲಿ ಅವರಿಗೆ ಸಾವಿರ ಉಳಿಯುತ್ತೆ.

ಮೈಸೂರು, ಕುವೆಂಪುನಗರ

ಮೇಲಿನ ಸರ್ ಹೇಳಿದ್ದು ಪೂರ್ತಿ ಒಪ್ಪುತ್ತೀನಿ, ಕೊನೆಯದೊಂದು ಬಿಟ್ಟು. ವಯಸ್ಸಾದವರ ಕೈಲಿರೋ ಗಂಟನ್ನು ಓನರ್ ಕೈಗೆ ಹಾಕಿಸೋ ಮುಂಚೆ ಸಾವಿರ ಸಲ ಯೋಚನೆ ಮಾಡಿ. ನಮ್ಮ ಅಪ್ಪ ಅಮ್ಮ ರಿಟೈರ್ ಆದಾಗ ಬಂದ ದುಡ್ಡಲ್ಲಿ ಎಂಟು ಲಕ್ಷ ಕೊಟ್ಟು ಒಂದು ಮನೆ ಭೋಗ್ಯಕ್ಕೆ ಹಾಕಿಕೊಂಡರು. ಬಾಡಿಗೆಯ ಗೋಜಿಲ್ಲ, ಮೂರು ವರ್ಷಕ್ಕೆ ಪೂರ್ತಿ ದುಡ್ಡು ವಾಪಸ್ ಅಂತ. ಓನರ್ ಒಳ್ಳೇ ಮನುಷ್ಯರೇ. ಆದರೆ ಅವರಿಗೂ ಸಾಲ ಇತ್ತು, ಆ ಮನೆ ಅಡಮಾನದಲ್ಲಿತ್ತು. ಒಂದು ದಿನ ಗೇಟಿಗೆ ಬ್ಯಾಂಕಿನ ನೋಟಿಸ್ ಅಂಟಿಸಿ ಹೋದರು. ಅಪ್ಪ ಅದನ್ನು ಓದಿ ಜಗಲಿ ಮೇಲೆ ಕೂತವರು ಸಂಜೆವರೆಗೂ ಏಳಲಿಲ್ಲ. ದುಡ್ಡು ಬಹುಪಾಲು ಕಂತು ಕಂತಾಗಿ, ಎರಡೂವರೆ ವರ್ಷಕ್ಕೆ ಬಂತು. ಇನ್ನೂ ಒಂದೂವರೆ ಲಕ್ಷ ಬರಬೇಕು.

ಅಡ್ವಾನ್ಸ್ ಹೆಚ್ಚಿಸೋದೇ ಆದರೆ ಕೊಡೋ ಮುಂಚೆ ಇಸಿ (ಮನೆ ಮೇಲೆ ಅಡಮಾನ ಇದೆಯಾ ಅಂತ ತೋರಿಸೋ ಋಣಭಾರ ಪತ್ರ) ತೆಗೆಸಿ ನೋಡಲಿ, ದುಡ್ಡು ಚೆಕ್ಕಲ್ಲೇ ಹೋಗಲಿ. ಕರಾರಿನಲ್ಲಿ ನಿಮ್ಮಮ್ಮನ ಜೊತೆ ನೀವೂ, ಒಡಹುಟ್ಟಿದವರಿದ್ದರೆ ಅವರೂ ಸಹಿ ಹಾಕಿ. ನಾಳೆ ಅಮ್ಮನಿಗೆ ಏನಾದರೂ ಆದರೆ ದುಡ್ಡು ಯಾರು ಕೊಡಬೇಕು ಅಂತ ಆ ಮುದುಕರು ಬಾಗಿಲು ಬಾಗಿಲು ಅಲೆಯೋ ಹಾಗೆ ಆಗಬಾರದು. ಒಂದು ವರ್ಷ ಮೀರಿದ ಕರಾರಾದರೆ ರಿಜಿಸ್ಟರ್ ಮಾಡಿಸಲೇಬೇಕು. ಕಾಸು ಉಳಿಸೋಕೆ ಅದನ್ನು ಬಿಡಬೇಡಿ.

ಶ್ರೀನಗರ, ಬಾಡಿಗೆದಾರ, ವಯಸ್ಸು 71

ಎಲ್ಲರೂ ಮಾಲೀಕರ ಕಡೆಯಿಂದ ಹೇಳಿದ್ದೀರಿ. ನಾನು ಇನ್ನೊಂದು ಕಡೆಯವನು. ಪೀಣ್ಯದ ಒಂದು ಕಾರ್ಖಾನೆಯಲ್ಲಿ 29 ವರ್ಷ ಲೇತ್ ಕೆಲಸ ಮಾಡಿದವನು. ನನಗೆ ಬರೋ ಪಿಎಫ್ ಪಿಂಚಣಿ ತಿಂಗಳಿಗೆ 1,640. ಆ ಪಿಂಚಣಿಯ ಕನಿಷ್ಠ ಮೊತ್ತ 2014ರಲ್ಲಿ 1,000 ಅಂತ ಆಯಿತು. ಅದಾದ ಮೇಲೆ ಬೇಳೆ, ಮಾತ್ರೆ, ಬಾಡಿಗೆ ಎಲ್ಲ ಎಲ್ಲಿಗೆ ಹೋದವು ಅಂತ ನಿಮಗೇ ಗೊತ್ತು. ನನ್ನ ಬಾಡಿಗೆ 9,000, ಮಗ ಕಟ್ಟುತ್ತಾನೆ. ಅವನಿಗೂ ಎರಡು ಮಕ್ಕಳ ಸ್ಕೂಲ್ ಫೀಸು.

ಖಾಲಿ ಮಾಡಿ ಅಂದರೆ ನಮ್ಮಂಥವರಿಗೆ ಏನಾಗುತ್ತೆ ಅಂತ ಹೇಳ್ತೀನಿ ಕೇಳಿ. ಎರಡು ವರ್ಷದ ಹಿಂದೆ ನನಗೆ ಆಯಿತು. ಹನ್ನೊಂದು ಮನೆ ನೋಡಿದೆವು. ಫೋನಿನಲ್ಲಿ ಬನ್ನಿ ಅಂತಾರೆ. ನಮ್ಮಿಬ್ಬರನ್ನು ನೋಡಿದ ಮೇಲೆ, “ಜೊತೆಗೆ ಮಕ್ಕಳು ಇರಲ್ವಾ?” ಅಂತ ಕೇಳ್ತಾರೆ. ಇಲ್ಲ ಅಂದ ತಕ್ಷಣ ಮನೆ ಬೇರೆಯವರಿಗೆ ಮಾತಾಗಿದೆ ಅಂತಾರೆ. ವಯಸ್ಸಾದವರು, ನಾಳೆ ಮನೆಯಲ್ಲೇ ಏನಾದರೂ ಆದರೆ ಅನ್ನೋ ಅಂಜಿಕೆ. ಒಬ್ಬರು ಅದನ್ನು ನನ್ನ ಹೆಂಡತಿಯ ಎದುರಿಗೇ ಹೇಳಿದರು. ಸಿಕ್ಕ ಮನೆಗಳೆಲ್ಲ ಎರಡನೇ ಮಹಡಿ, ಮೂರನೇ ಮಹಡಿ. ಅವಳಿಗೆ ಮಂಡಿ ನೋವು. ಹಳೇ ಓನರ್ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದರು, ಹೊಸಬರಿಗೆ ಅಡ್ವಾನ್ಸ್, ಬ್ರೋಕರಿಗೆ ಒಂದು ತಿಂಗಳದ್ದು, ಸಾಮಾನು ಸಾಗಿಸೋ ಗಾಡಿಗೆ ಬೇರೆ. ಮನೆ ಬದಲಾಯಿಸಿದ ಆ ಒಂದು ತಿಂಗಳಲ್ಲಿ ನಮಗೆ ಆದ ಖರ್ಚಿಗೆ, ಹಳೇ ಮನೆಯಲ್ಲೇ ತಿಂಗಳಿಗೆ 1,500 ಹೆಚ್ಚಿಗೆ ಕೊಟ್ಟುಕೊಂಡು ಎರಡು ವರ್ಷ ಇರಬಹುದಿತ್ತು. ಆ ಓನರ್ ನಮ್ಮನ್ನು ಕೇಳಲೇ ಇಲ್ಲ. ಇವರ ಕೈಲಿ ಆಗಲ್ಲ ಅಂತ ಅವರೇ ತೀರ್ಮಾನ ಮಾಡಿಬಿಟ್ಟರು.

ಅದಕ್ಕೇ ಹೇಳ್ತೀನಿ ಮಗಳೇ, ಹೋಗಿ ಕೇಳು. ಮೇಷ್ಟ್ರಿಗೆ ಎಷ್ಟು ಆಗುತ್ತೆ ಅಂತ ಅವರ ಬಾಯಿಂದಲೇ ಬರಲಿ. ಇನ್ನೊಂದು ವಿಷಯ. 65 ದಾಟಿದ, ಆದಾಯ ಕಡಿಮೆ ಇರೋರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ಬರುತ್ತೆ, ನಾಡಕಚೇರಿಯಲ್ಲಿ ಅರ್ಜಿ. ಅವರ ಮನೆಯವರ ಹೆಸರಲ್ಲಿ ಗೃಹಲಕ್ಷ್ಮಿಯ 2,000 ಬರ್ತಿದೆಯಾ ಅಂತಲೂ ವಿಚಾರಿಸು. ನಮ್ಮ ಪೀಳಿಗೆಯವರು ಕಚೇರಿಗೆ ಅಲೆಯೋಕೆ ಆಗದೆ, ಕೇಳೋಕೆ ನಾಚಿಕೆಪಟ್ಟು ಬಿಟ್ಟುಬಿಡ್ತೀವಿ. ಒಂದು ದಿನ ಜೊತೆಗೆ ಹೋಗಿ ಫಾರಂ ತುಂಬಿಸಿಕೊಟ್ಟರೆ, ನೀನು ಏರಿಸೋ ಸಾವಿರ ಅಲ್ಲಿಂದಲೇ ಹುಟ್ಟಬಹುದು.

ವಿಜಯನಗರ

ಅಕ್ಕ, ಕೆಳಗಿನ ಮನೆಗಳಿಗೆ ಬೇರೆ ಬೇರೆ ಆರ್‌ಆರ್ ನಂಬರ್ (ಕರೆಂಟ್ ಕನೆಕ್ಷನ್ ನಂಬರ್) ಇದೆಯಾ? ಇದ್ದರೆ ಗೃಹಜ್ಯೋತಿ ಮೇಷ್ಟ್ರ ಆಧಾರ್‌ಗೇ ಲಿಂಕ್ ಆಗಿರಬೇಕು, ಬಾಡಿಗೆಯವರಿಗೂ ಸಿಗತ್ತೆ. ಮೂರೂ ಮನೆಗೆ ಒಂದೇ ಮೀಟರ್ ಆದರೆ ಎಲ್ಲರದ್ದೂ ಸೇರಿ 200 ಯೂನಿಟ್ ದಾಟತ್ತೆ, ಆಗ ಪೂರ್ತಿ ಬಿಲ್ ಕಟ್ಟಬೇಕು, ಒಂದು ಯೂನಿಟ್ಟೂ ಫ್ರೀ ಇಲ್ಲ. ನಮ್ಮನೇಲಿ ಹಾಗೇ ಆಗ್ತಿತ್ತು, ಮೀಟರ್ ಬೇರೆ ಮಾಡಿಸಿದ ಮೇಲೆ ಕೆಳಗಿನ ಅಜ್ಜ ಅಜ್ಜಿಗೆ ಬಿಲ್ ಬಹುಪಾಲು ಸೊನ್ನೆ. ಆದರೆ ಎಷ್ಟು ಯೂನಿಟ್ ಫ್ರೀ ಅನ್ನೋದು ಹಳೇ ವರ್ಷದ ಸರಾಸರಿ ಬಳಕೆ ಮೇಲೆ, ಹೊಸ ಮೀಟರಿಗೆ ಅದು ಇರಲ್ಲ, ಅದಕ್ಕೆ 58 ಯೂನಿಟ್ ಲೆಕ್ಕ ಹಿಡೀತಾರೆ. ಫ್ಯಾನು, ಲೈಟು, ಟಿವಿಗೆ ಸಾಲತ್ತೆ, ಗೀಸರ್ ಇದ್ದರೆ ಕಷ್ಟ. ಹೊಸ ಮೀಟರಿಗೆ ಓಸಿ (ಕಟ್ಟಡದ ಸ್ವಾಧೀನಾನುಭವ ಪತ್ರ) ಕೇಳ್ತಾರಾ ಅಂತ ಮೊದಲೇ ವಿಚಾರಿಸಿಕೊಳ್ಳಿ. ಸಂಪಿನ ಮೋಟರ್ ಮಾತ್ರ ನಿಮ್ಮ ಮೀಟರಿಗೇ ಇರಲಿ.

ಹುಬ್ಬಳ್ಳಿ

ನಮ್ಮ ಮನ್ಯಾಗ 80 ದಾಟಿದ ಅಜ್ಜಿ ಒಬ್ರು ಬಾಡಿಗಿ ಇದ್ದಾರ್ರೀ, ಮಗಾ ಪುಣೆದಾಗ ನೌಕರಿ. ಮೊದಲ ನಾವು ಮಗಗ ಫೋನ್ ಹಚ್ಚಿ ಬಾಡಿಗಿ ಮಾತಾಡ್ತಿದ್ವಿ. ಅಜ್ಜಿಗೆ ಅದು ಗೊತ್ತಾಗಿ ಎರಡು ದಿನ ಊಟಾ ಬಿಟ್ಟರು. “ನಾ ಸತ್ತೇನೇನು, ನನ್ನ ಕೇಳಾಕ ಏನಾಗೇತಿ” ಅಂತ. ಈಗ ಏನ ಮಾತಿದ್ರೂ ಅಜ್ಜಿ ಮುಂದ ಕುಂತ ಆಡ್ತೀವಿ, ಮಗಾ ಫೋನಿನ್ಯಾಗ ಕೇಳ್ತಾನ. ನೀವೂ ಮೇಷ್ಟ್ರನ್ನ ಬಿಟ್ಟು ಅವರ ಮಕ್ಕಳ ಕೂಡ ಮಾತಾಡಬ್ಯಾಡ್ರಿ.

ಮತ್ತೆ ಹನುಮಂತನಗರ, ಪ್ರಶ್ನೆ ಕೇಳಿದವಳು

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯವರು ಬರೆದಿದ್ದನ್ನು ಓದೋವಾಗ ನಾನು ಮೇಷ್ಟ್ರ ಮಗಳಿಗೆ ಫೋನ್ ಮಾಡೋಕೆ ನಂಬರ್ ಹುಡುಕ್ತಿದ್ದೆ. ಫೋನ್ ಇಟ್ಟುಬಿಟ್ಟೆ.

ಭಾನುವಾರ ಸಂಜೆ ಅಮ್ಮನೂ ನಾನೂ ಒಂದು ವರ್ಷದ ಬಿಲ್ಲುಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಕೆಳಗೆ ಹೋದೆವು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಒಂದೊಂದೇ ಬಿಲ್ ಓದಿದರು, ಪೆನ್ಸಿಲಿನಲ್ಲಿ ಹಾಳೆಯ ಮೇಲೆ ಕೂಡಿದರು. ನಾನು ಎರಡು ತಿಂಗಳ ನೀರಿನ ಬಿಲ್ ಎರಡೆರಡು ಸಲ ಸೇರಿಸಿದ್ದೆ, ಅದನ್ನೂ ಹಿಡಿದರು. ಆಮೇಲೆ ತಾವಾಗಿಯೇ, ಈಗ 8,500 ಮಾಡಿಕೊಳ್ಳಿ, ಯುಗಾದಿಯಿಂದ 9,000 ಕೊಡ್ತೀನಿ, ಅದಕ್ಕಿಂತ ಮೇಲೆ ಈ ವರ್ಷ ನನ್ನಿಂದ ಆಗಲ್ಲ ಅಂದರು. ಅಮ್ಮ ಒಪ್ಪಿಕೊಂಡರು. ಟೀಚರಮ್ಮ, ಅಂದರೆ ಮೇಷ್ಟ್ರ ಹೆಂಡತಿ, ಕೇಳಿದ್ದು ಒಂದೇ. ಬಚ್ಚಲಲ್ಲಿ ಹಿಡಿದುಕೊಳ್ಳೋಕೆ ಒಂದು ಕಂಬಿ ಹಾಕಿಸಿಕೊಡಿ ಅಂತ. ಹೋದ ತಿಂಗಳು ಅಲ್ಲಿ ಜಾರಿದ್ದರಂತೆ, ನಮಗೆ ಹೇಳೇ ಇರಲಿಲ್ಲ. ಮರುದಿನವೇ ಹಾಕಿಸಿದೆ.

ಅಡ್ವಾನ್ಸ್ ಹೆಚ್ಚಿಸೋ ಮಾತನ್ನು ಅಮ್ಮ ಎತ್ತಲು ಬಿಡಲಿಲ್ಲ. “ಅವರ ಕೊನೆಗಾಲದ ದುಡ್ಡು, ಮುಟ್ಟಬೇಡ” ಅಂದರು. ಮೈಸೂರಿನವರ ಅನುಭವ ಓದಿದ ಮೇಲೆ ನನಗೂ ಅದೇ ಸರಿ ಅನ್ನಿಸಿತು. ಬುಧವಾರ ಟೀಚರಮ್ಮನನ್ನು ಕರೆದುಕೊಂಡು ನಾಡಕಚೇರಿಗೆ ಹೋಗ್ತಿದ್ದೀನಿ. ಮೀಟರ್ ಬೇರೆ ಬೇರೆಯೇ ಇದೆ. ಆದರೆ ಗೃಹಜ್ಯೋತಿ ಇನ್ನೂ ಅಪ್ಪನ ಕಾಲದಲ್ಲಿದ್ದ ಹಳೇ ಬಾಡಿಗೆಯವರ ಆಧಾರ್‌ನಲ್ಲಿದೆಯಾ ಅಂತ ಪಕ್ಕದ ಮನೆಯದ್ದನ್ನೂ ನೋಡಬೇಕು.

ಸಂಪಿನದು ಬಾಕಿ ಇದೆ. ಒಬ್ಬ ಮೇಸ್ತ್ರಿ ಒಳಗಿಂದ ಪ್ಲಾಸ್ಟರ್ ಮಾಡಿ ವಾಟರ್‌ಪ್ರೂಫ್ ಹೊಡೆದರೆ 22 ಸಾವಿರಕ್ಕೆ ಮುಗಿಯುತ್ತೆ ಅಂತಾನೆ, ಇನ್ನೊಬ್ಬ ಪೂರ್ತಿ ಒಡೆದು ಕಟ್ಟಲೇಬೇಕು ಅಂತಾನೆ. ಬಿರುಕು ಒಂದು ಮೂಲೆಯಿಂದ ಅರ್ಧ ಗೋಡೆವರೆಗೆ ಇದೆ, ತಳದಲ್ಲಿ ಇಲ್ಲ. ಹಳೇ ಸಂಪನ್ನು ಹೀಗೆ ರಿಪೇರಿ ಮಾಡಿಸಿದವರು ಯಾರಾದರೂ ಇದ್ದೀರಾ? ಎಷ್ಟು ವರ್ಷ ಬಾಳಿಕೆ ಬಂತು?