9 ಕಿ.ಮೀ. ಓಡಿ ನಿಂತುಬಿಡುವ ಹಳೇ ಕಾರು: ಕಾಯಿಲ್, ಕಂಡೆನ್ಸರ್ ಎಲ್ಲ ಬದಲಿಸಿದರೂ ಸರಿಹೋಗಿಲ್ಲ

ಹಳೇಗಾಡಿ:
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ತೊಂದರೆಯ ಹಿಂದೆ ಬಿದ್ದಿದ್ದೇನೆ. ದಯವಿಟ್ಟು ದಾರಿ ತೋರಿಸಿ.

ಗಾಡಿ 11 ವರ್ಷ ಶೆಡ್ಡಿನಲ್ಲಿ ನಿಂತಿತ್ತು. ನಾಲ್ಕು ಸಿಲಿಂಡರ್, ಒಂದು ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ), 12 ವೋಲ್ಟ್, ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಪುಟ್ಟ ಸ್ವಿಚ್) ಇರುವ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ). ಪೆಟ್ರೋಲ್ ಪಂಪ್ ಎಂಜಿನ್ ಪಕ್ಕದಲ್ಲಿ ಕೂತಿರುವ, ಕ್ಯಾಮ್‌ಶಾಫ್ಟ್ ತಳ್ಳಿದರೆ ಓಡುವ ಹಳೇ ಬಗೆಯದು. ಒಂದೂವರೆ ವರ್ಷ ರಜಾ ಸಿಕ್ಕಾಗೆಲ್ಲ ಮನೆಯಲ್ಲೇ ಕೆಲಸ ಮಾಡಿದೆ. ಬ್ರೇಕ್, ವೈರಿಂಗ್, ರೇಡಿಯೇಟರ್ ಆಯ್ತು. ಎಂಜಿನ್ ಒಂದೇ ಸೆಲ್ಫ್‌ಗೆ ಶುರುವಾಗುತ್ತದೆ, ಸದ್ದೂ ಚೆನ್ನಾಗಿದೆ.

ರಸ್ತೆಗೆ ಇಳಿದರೆ ಮಾತ್ರ ಕಷ್ಟ. 8-9 ಕಿ.ಮೀ. ಹೋಗುವಷ್ಟರಲ್ಲಿ ಜರ್ಕ್ ಹೊಡೆಯಲು ಶುರು. ಆಕ್ಸಿಲರೇಟರ್ ಒತ್ತಿದರೆ ಇನ್ನೂ ಎಳೆಯುವುದಿಲ್ಲ. ಆಮೇಲೆ ನಿಂತುಬಿಡುತ್ತದೆ. ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಕಾದರೆ ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ಶುರು. ಟೆಂಪರೇಚರ್ ಮುಳ್ಳು ನಡುವೆಯೇ ಇರುತ್ತದೆ.

ಕಿಡಿಯ ಕಡೆಯ ಕಾಯಿಲ್, ಕಂಡೆನ್ಸರ್, ಪಾಯಿಂಟ್, ಪ್ಲಗ್, ಪ್ಲಗ್ ವೈರ್ ಎಲ್ಲ ಹೊಸದು. ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿ ತೊಳೆದೆ. ಮನೆಯಲ್ಲಿ ಪಂಪಿನಿಂದ ಬಾಟಲಿಗೆ ಪೆಟ್ರೋಲ್ ಬಿಟ್ಟು ನೋಡಿದೆ, ಧಾರಾಳವಾಗಿ ಬರುತ್ತಿದೆ. ಪಂಪಿನ ಹಿಂದೆ ಹಾಕಿರುವ ಗಾಜಿನ ಫಿಲ್ಟರ್ ಒಂದು ಚೂರೂ ಕೊಳೆಯಾಗಿಲ್ಲ, ಹಾಗಾಗಿ ಟ್ಯಾಂಕಿನ ಮೇಲೆ ನನಗೆ ಅನುಮಾನವಿಲ್ಲ. ಪೆಟ್ರೋಲ್ ಪೈಪಿಗೆ ಬಿಸಿ ತಾಗದಿರುವ ಪಟ್ಟಿಯನ್ನೂ ಸುತ್ತಿದ್ದಾಯ್ತು. ಏನೂ ಬದಲಾಗಿಲ್ಲ.

ನೀಲಿಕಿಡಿ:
ಕಂಡೆನ್ಸರ್ ಹೊಸದಾದರೂ ನಂಬಬೇಡಿ. ತಣ್ಣಗಿದ್ದಾಗ ಸರಿಯಾಗಿದ್ದು ಬಿಸಿಯಾದ ಮೇಲೆ ಕೈಕೊಡುವುದನ್ನು ನಾನೇ ಕಂಡಿದ್ದೇನೆ. ಗಾಡಿ ಜೊತೆ ಬಂದಿದ್ದ ಹಳೇ ಕಂಡೆನ್ಸರ್ ಇದ್ದರೆ ಅದನ್ನೇ ಹಾಕಿ ಒಮ್ಮೆ ಓಡಿಸಿ ನೋಡಿ. ಇನ್ನೊಂದು, ಕಾಯಿಲ್ ಯಾವ ತರಹದ್ದು? ಬ್ಯಾಲಸ್ಟ್ (ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವ ರೆಸಿಸ್ಟರ್) ಇಲ್ಲದ 12 ವೋಲ್ಟ್ ಗಾಡಿಗೆ ಕಾಯಿಲ್‌ನ ಪ್ರೈಮರಿ ಸುತ್ತು ಸುಮಾರು 3 ಓಮ್ ಇರಬೇಕು. 1.5 ಓಮ್‌ನದ್ದು ಹಾಕಿದ್ದರೆ ಕಾಯಿಲ್ ಸುಡುವಷ್ಟು ಬಿಸಿಯಾಗಿ ಸರಿಯಾಗಿ ಇದೇ ರೀತಿ ನಿಲ್ಲುತ್ತದೆ.

ಹಳೇಗಾಡಿ:
ಈಗಷ್ಟೇ ಅಳೆದೆ ಸರ್, 3.1 ಓಮ್ ಇದೆ. ಪಾಯಿಂಟ್ ಗ್ಯಾಪ್ 0.40 ಮಿ.ಮೀ. ಇಟ್ಟಿದ್ದೇನೆ. ಹಳೇ ಕಂಡೆನ್ಸರ್ ಇದೆ, ಅದನ್ನು ಹಾಕಿಯೂ ನೋಡಿದ್ದೆ. ಅದೇ 9 ಕಿ.ಮೀ.

ಪಾನಪಟ್ಟು:
ಸರ್, ಇನ್ನು ಒಂದು ಸಾಮಾನನ್ನೂ ಕೊಳ್ಳಬೇಡಿ. ನೀವು ಮಾಡಿರುವ ಪರೀಕ್ಷೆಗಳೆಲ್ಲ ಗಾಡಿ ಚೆನ್ನಾಗಿರುವಾಗ ಮಾಡಿದವು. ಗಾಡಿ ಸತ್ತ ಕ್ಷಣದಲ್ಲಿ ಏನು ಇಲ್ಲ, ಕಿಡಿ ಇಲ್ಲವೋ ಪೆಟ್ರೋಲ್ ಇಲ್ಲವೋ? ಅದು ಗೊತ್ತಾಗುವವರೆಗೆ ನಾವೆಲ್ಲ ಸುಮ್ನೆ ಊಹೆ ಮಾಡುತ್ತಿರುತ್ತೇವೆ. ನಿಂತ ಮೊದಲ ಎರಡು ನಿಮಿಷ ತುಂಬಾ ಮುಖ್ಯ. ಐದು ನಿಮಿಷ ಬಿಟ್ಟರೆ ಸಾಕ್ಷಿಯೇ ಅಳಿಸಿಹೋಗುತ್ತದೆ.

ಹಾಗಾಗಿ ಒಂದು ಹಳೇ ಪ್ಲಗ್, ಸ್ಕ್ರೂಡ್ರೈವರ್, ಎರಡು ಪಾನ (ಸ್ಪ್ಯಾನರ್), ಬೆಂಕಿ ನಂದಿಸುವ ಸಿಲಿಂಡರ್, ಜೊತೆಗೆ ಒಬ್ಬರು. ಇಷ್ಟು ಇಟ್ಟುಕೊಂಡು ಹೊರಡಿ. ಏರ್ ಫಿಲ್ಟರ್ ಒಂದೇ ನಟ್ಟಿಗೆ ಬರುವಂತೆ ಮೊದಲೇ ಸಡಿಲ ಮಾಡಿಟ್ಟಿರಿ. ಗಾಡಿ ನಿಂತ ಕೂಡಲೇ ಪಕ್ಕಕ್ಕೆ ಹಾಕಿ, ಮೊದಲು ಕಿಡಿ ನೋಡಿ. ಡಿಸ್ಟ್ರಿಬ್ಯೂಟರ್ ನಡುವಿನ ದಪ್ಪ ವೈರ್ ಕಿತ್ತು ಹಳೇ ಪ್ಲಗ್‌ಗೆ ಚುಚ್ಚಿ. ಪ್ಲಗ್‌ನ ಲೋಹದ ಮೈ ಎಂಜಿನ್‌ಗೆ ಗಟ್ಟಿಯಾಗಿ ತಾಗಿರಬೇಕು, ಕಾರ್ಬ್ಯುರೇಟರ್‌ನಿಂದ ದೂರ ಇರಬೇಕು. ಕೈಯಲ್ಲಿ ಹಿಡಿಯಬೇಡಿ. ಜೊತೆಯವರು ಸೆಲ್ಫ್ ಹೊಡೆಯಲಿ. ನೀಲಿ ಕಿಡಿ ಟಪ್ ಟಪ್ ಅಂತ ಬಂದರೆ ಇಗ್ನಿಷನ್ ಪಾಸ್.

ಅದು ಮುಗಿದು, ವೈರ್ ವಾಪಸ್ ಹಾಕಿ, ಸ್ವಿಚ್ ಆಫ್ ಮಾಡಿದ ಮೇಲೆಯೇ ಪೆಟ್ರೋಲ್ ನೋಡಬೇಕು. ಎರಡನ್ನೂ ಒಟ್ಟಿಗೆ ಮಾಡಲೇಬೇಡಿ. ಏರ್ ಫಿಲ್ಟರ್ ತೆಗೆದು ಕಾರ್ಬ್ಯುರೇಟರ್ ಬಾಯೊಳಗೆ ಟಾರ್ಚ್ ಬಿಟ್ಟು, ಥ್ರಾಟಲ್ ಲಿವರನ್ನು ಕೈಯಲ್ಲಿ ಎಳೆಯಿರಿ. ಆಕ್ಸಿಲರೇಟರ್ ಪಂಪ್ ಇರುವ ಕಾರ್ಬ್ಯುರೇಟರ್ ಆದರೆ ಸಣ್ಣ ನಳಿಕೆಯಿಂದ ಪೆಟ್ರೋಲ್ ಚಿಮ್ಮಬೇಕು. ಚಿಮ್ಮದಿದ್ದರೆ ಫ್ಲೋಟ್ ಚೇಂಬರ್ (ಕಾರ್ಬ್ಯುರೇಟರ್‌ನ ಪುಟ್ಟ ಪೆಟ್ರೋಲ್ ತೊಟ್ಟಿ) ಖಾಲಿ ಅಂತ ಅರ್ಥ.

ಎರಡು ಪ್ರಶ್ನೆ. ಶೆಡ್ಡಲ್ಲೇ ನಿಲ್ಲಿಸಿ ಒಂದು ಗಂಟೆ ಓಡಿಸಿದರೂ ನಿಲ್ಲುತ್ತದೆಯೇ? ಮತ್ತೆ ಶುರುವಾಗಲು ನಿಜವಾಗಿ ಎಷ್ಟು ನಿಮಿಷ ಬೇಕು, ಗಡಿಯಾರ ನೋಡಿ ಹೇಳಿ.

ನಿಮ್ಮ ಮಾತಲ್ಲೇ ಒಂದು ಸುಳಿವಿದೆ. ಇಗ್ನಿಷನ್ ಹೋದರೆ ಸಾಮಾನ್ಯವಾಗಿ ಸ್ವಿಚ್ ಆಫ್ ಮಾಡಿದ ಹಾಗೆ ಗಕ್ಕನೆ ಹೋಗುತ್ತದೆ. ನಿಮ್ಮ ಗಾಡಿ ಏದುಸಿರು ಬಿಟ್ಟುಕೊಂಡು ಸಾಯುತ್ತಿದೆ. ನನಗೆ ಪೆಟ್ರೋಲ್ ಮೇಲೇ ಜಾಸ್ತಿ ಅನುಮಾನ.

ಹಳೇಗಾಡಿ:
ನಿನ್ನೆ ಭಾನುವಾರ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ ಎಲ್ಲ ಮಾಡಿದೆ.

ಶೆಡ್ಡಲ್ಲಿ 50 ನಿಮಿಷ ಐಡ್ಲಿಂಗ್ ಬಿಟ್ಟೆ. ಬಾನೆಟ್ ಮುಟ್ಟಲಾಗದಷ್ಟು ಬಿಸಿಯಾಯಿತು, ಎಂಜಿನ್ ಮಾತ್ರ ಒಂದು ಸಲವೂ ತಪ್ಪಲಿಲ್ಲ. ಆಮೇಲೆ ರಸ್ತೆಗೆ ಇಳಿದು 60ರ ವೇಗದಲ್ಲಿ ಹೋದೆ, 9 ಕಿ.ಮೀ.ಗೆ ನಿಂತಿತು. ಕಿಡಿ ಚೆನ್ನಾಗಿ ನೀಲಿಯಾಗಿ ಬಂತು. ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಚಿಮ್ಮಲಿಲ್ಲ, ಒಂದು ಹನಿಯೂ ಇಲ್ಲ. ವಾಪಸ್ ಬರುವಾಗ 30-35ರಲ್ಲೇ ನಿಧಾನವಾಗಿ ಬಂದೆ. ಮನೆವರೆಗೂ ನಿಲ್ಲಲೇ ಇಲ್ಲ!

ಗಡಿಯಾರ ನೋಡಿದೆ. ನಾಲ್ಕೂವರೆ ನಿಮಿಷಕ್ಕೆ ಶುರುವಾಯಿತು. ನಾನು ಇಷ್ಟು ದಿನ ಹದಿನೈದು ನಿಮಿಷ ಅಂದುಕೊಂಡಿದ್ದೆ.

ಪಾನಪಟ್ಟು:
ತುಂಬಾ ಒಳ್ಳೆಯ ಕೆಲಸ ಮಾಡಿದಿರಿ ಸರ್, ಮಗಳಿಗೂ ಹೇಳಿ. ಈಗ ಅರ್ಧ ಗಾಡಿಯನ್ನು ಪಕ್ಕಕ್ಕಿಡಬಹುದು. ಇಗ್ನಿಷನ್ ಅಲ್ಲ. ಬಿಸಿಯೂ ಅಲ್ಲ ಅಂತ ನನ್ನ ಅಭಿಪ್ರಾಯ.

ಯಾಕೆ ಅಂದರೆ, ಪೆಟ್ರೋಲ್ ಪೈಪಿನಲ್ಲೇ ಆವಿಯಾಗುವ ತೊಂದರೆ ಇದ್ದಿದ್ದರೆ ಶೆಡ್ಡಲ್ಲೇ ಬರಬೇಕಿತ್ತು, ಅಲ್ವಾ? ಅಲ್ಲಿ ಗಾಳಿಯೇ ಆಡುವುದಿಲ್ಲ. 60ರಲ್ಲಿ ಹೋಗುವಾಗ ಬಾನೆಟ್ ಒಳಗೆ ಗಾಳಿ ನುಗ್ಗುತ್ತಿರುತ್ತದೆ. ಅದೂ ಅಲ್ಲದೆ ಎಂಜಿನ್ ನಿಂತ ಮೇಲೆ ಮೊದಲ ಕೆಲವು ನಿಮಿಷ ಬಾನೆಟ್ ಒಳಗಿನ ಬಿಸಿ ಇನ್ನೂ ಏರುತ್ತದೆ, ಏಕೆಂದರೆ ನೀರೂ ಓಡುವುದಿಲ್ಲ, ಫ್ಯಾನೂ ತಿರುಗುವುದಿಲ್ಲ. ನಾಲ್ಕೂವರೆ ನಿಮಿಷಕ್ಕೆ ಸರಿಹೋಗುವ ಗಾಡಿಗೆ ಬಿಸಿ ಕಾರಣ ಆಗುವುದು ಕಷ್ಟ.

ಇದು ಬೇಡಿಕೆಯ ಲೆಕ್ಕ. ಐಡ್ಲಿಂಗ್‌ನಲ್ಲಿ ಇಂಥ ಎಂಜಿನ್ ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ಲೀಟರಿಗೆ 12 ಕಿ.ಮೀ. ಕೊಡುವ ಗಾಡಿ 60ರಲ್ಲಿ ಓಡಿದರೆ ಗಂಟೆಗೆ 5 ಲೀಟರ್. ಎಲ್ಲೋ ಒಂದು ಕಡೆ ದಾರಿ ಕಿರಿದಾಗುತ್ತಿದೆ. ಒಂದು ಲೀಟರಿಗೆ ಸಾಕು, ಐದಕ್ಕೆ ಸಾಲದು. ನಿಂತ ಮೇಲೆ ಎಳೆತ ಬಿಟ್ಟುಹೋಗುತ್ತದೆ, ದಾರಿ ಮತ್ತೆ ತೆರೆಯುತ್ತದೆ.

ಮೊದಲು ಅತಿ ಸುಲಭದ್ದು: ಟ್ಯಾಂಕ್ ಮುಚ್ಚಳ. ಅದರಲ್ಲಿರುವ ಗಾಳಿ ತೂತು ಮುಚ್ಚಿಕೊಂಡಿದ್ದರೆ ಒಳಗೆ ನಿರ್ವಾತವಾಗಿ ಪಂಪಿಗೆ ಎಳೆಯಲು ಆಗುವುದಿಲ್ಲ. ಮುಂದಿನ ಸಲ ನಿಂತಾಗ ಮುಚ್ಚಳ ನಿಧಾನವಾಗಿ ತಿರುಗಿಸಿ ಕಿವಿಗೊಡಿ, ಸುಯ್ ಅಂತ ಗಾಳಿ ಒಳಗೆ ಹೋದರೆ ಅಲ್ಲೇ ಉತ್ತರ.

ಸುಯ್ ಅನ್ನಲಿಲ್ಲ ಅಂದರೆ ಕಾಯದೆ ಇನ್ನೊಂದು ಮಾಡಿ. ಪಂಪಿಗೆ ಟ್ಯಾಂಕ್ ಕಡೆಯಿಂದ ಬರುವ ಪೈಪ್ ಬಿಚ್ಚಿ, ಸೈಕಲ್ ಪಂಪಿನಿಂದ ಟ್ಯಾಂಕಿನ ಕಡೆಗೆ ಎರಡು ಮೂರು ಸಲ ಮೆಲ್ಲಗೆ ಊದಿ. ಟ್ಯಾಂಕ್ ಮುಚ್ಚಳ ತೆಗೆದಿರಲಿ. ಕಂಪ್ರೆಸರ್ ಬೇಡ, ಬಾಯಿಂದಂತೂ ಬೇಡವೇ ಬೇಡ. ಪೈಪ್ ವಾಪಸ್ ಹಾಕಿ, ಸೋರಿದ ಪೆಟ್ರೋಲ್ ಪೂರ್ತಿ ಒರೆಸಿ, ಒಣಗಿದ ಮೇಲೆ ಸೆಲ್ಫ್ ಹೊಡೆಯಿರಿ.

ನೀಲಿಕಿಡಿ:
ಒಂದು ಮಾತು ಸೇರಿಸುತ್ತೇನೆ. ಚಾಸಿಗೂ ಎಂಜಿನ್‌ಗೂ ನಡುವೆ ಇರುವ ಮೊಳದುದ್ದದ ರಬ್ಬರ್ ಪೈಪನ್ನು ಮರೆಯಬೇಡಿ. ನನ್ನ ಗಾಡಿಯಲ್ಲಿ ಹೊರಗಿನಿಂದ ಹೊಸದರ ಹಾಗೇ ಕಾಣುತ್ತಿತ್ತು. ಉದ್ದಕ್ಕೆ ಸೀಳಿ ನೋಡಿದರೆ ಒಳಗಿನ ಪದರ ಬಿಟ್ಟುಕೊಂಡು ನಾಲಿಗೆ ತರಹ ಜೋತಾಡುತ್ತಿತ್ತು. ಎಳೆತ ಜಾಸ್ತಿಯಾದ ಕೂಡಲೇ ಅದು ದಾರಿ ಮುಚ್ಚುತ್ತಿತ್ತು. ಎಥನಾಲ್ ಬೆರೆತ ಪೆಟ್ರೋಲ್‌ಗೆ ಹಳೇ ರಬ್ಬರ್ ತಡೆಯುವುದಿಲ್ಲ. ಹಾಕುವುದಾದರೆ ಎಸ್‌ಎಇ ಜೆ30 ಆರ್9 (ಪೆಟ್ರೋಲ್ ಪೈಪಿನ ಗುಣಮಟ್ಟದ ಗುರುತು) ಅಂತ ಮೈಮೇಲೆ ಅಚ್ಚಾಗಿರುವ ಪೈಪನ್ನೇ ಹಾಕಿ.

ಹಳೇಗಾಡಿ:
ರಬ್ಬರ್ ಪೈಪ್ ಬದಲಿಸಿದೆ. ಹಳೆಯದನ್ನು ಸೀಳಿ ನೋಡಿದೆ, ಒಳಗೆ ಚೆನ್ನಾಗಿಯೇ ಇತ್ತು. ಗಾಡಿ ಮತ್ತೆ 9ಕ್ಕೆ ನಿಂತಿತು. ಮುಚ್ಚಳದಲ್ಲಿ ಸದ್ದಿಲ್ಲ.

ಆಮೇಲೆ ಸೈಕಲ್ ಪಂಪ್ ಹಿಡಿದೆ. ಮಗಳು ಟ್ಯಾಂಕಿನ ಹತ್ತಿರ ನಿಂತಿದ್ದಳು. ಮೊದಲ ಸಲ ಒತ್ತಿದಾಗ ಹ್ಯಾಂಡಲ್ ಕೆಳಗೆ ಹೋಗಲಿಲ್ಲ, ಗಟ್ಟಿಯಾಗಿ ನಿಂತಿತು. ಸ್ವಲ್ಪ ಜೋರು ಕೊಟ್ಟ ಕೂಡಲೇ ಏನೋ ಕಿತ್ತುಕೊಂಡ ಹಾಗೆ ಹಗುರಾಯಿತು. "ಅಪ್ಪಾ, ಗುಳುಗುಳು ಅಂತಿದೆ" ಅಂದಳು. ಪೈಪ್ ಹಾಕಿ ಒರೆಸಿ ಸೆಲ್ಫ್ ಹೊಡೆದರೆ ಫ್ಲೋಟ್ ಚೇಂಬರ್ ತುಂಬುವಷ್ಟು ಹೊತ್ತು ತಿರುಗಿ, ಶುರು!

ಆದರೆ ಒಂದು ಅರ್ಥವಾಗುತ್ತಿಲ್ಲ. ಟ್ಯಾಂಕಲ್ಲಿ ಕಸ ಇದ್ದರೆ ಫಿಲ್ಟರ್‌ನಲ್ಲಿ ಕಾಣಬೇಕಿತ್ತಲ್ಲ?

ಪಾನಪಟ್ಟು:
ಸಣ್ಣ ಕಸ ಆದರೆ ಫಿಲ್ಟರ್‌ಗೆ ಬಂದು ಕೂರುತ್ತದೆ. ಟ್ಯಾಂಕ್ ಒಳಗಿಂದ ಪೆಟ್ರೋಲ್ ಎಳೆಯುವ ನಳಿಕೆಯ ಬಾಯಿಗಿಂತ ದೊಡ್ಡದಾದದ್ದು ಟ್ಯಾಂಕ್ ಬಿಟ್ಟು ಹೊರಗೆ ಬರುವುದೇ ಇಲ್ಲ. ಫಿಲ್ಟರ್ ಶುದ್ಧವಾಗಿದೆ ಅಂದರೆ ಅದರವರೆಗೆ ಕಸ ಬಂದಿಲ್ಲ ಅಂತ ಮಾತ್ರ ಅರ್ಥ. ಮನೆಯಲ್ಲಿ ಬಾಟಲಿಗೆ ಚೆನ್ನಾಗಿ ಬಂದದ್ದೂ ಇದಕ್ಕೇ. ಆಗ ಅದು ಇನ್ನೂ ಬಾಯಿಗೆ ಬಂದು ಅಂಟಿಕೊಂಡಿರಲಿಲ್ಲ.

ಟ್ಯಾಂಕ್ ಇಳಿಸಿ ಸರ್. ದಯವಿಟ್ಟು ಒಂದು ವಿಷಯ ಗಟ್ಟಿಯಾಗಿ ನೆನಪಿಡಿ: ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ. ಒಳಗೆ ತುಂಬಿರುವ ಆವಿಗೆ ಒಂದು ಕಿಡಿ ಸಾಕು. ಮೊದಲು ಬ್ಯಾಟರಿ ವೈರ್ ಬಿಚ್ಚಿ. ಬಯಲಲ್ಲಿ ಕೆಲಸ ಮಾಡಿ. ಗ್ರೈಂಡರ್, ವೆಲ್ಡಿಂಗ್, ಬಲ್ಬ್ ಇರುವ ತೂಗುದೀಪ ಯಾವುದೂ ಹತ್ತಿರ ಬೇಡ.

ಹಳೇಗಾಡಿ:
ಸಿಕ್ಕಿತು!

ಟ್ಯಾಂಕ್ ಇಳಿಸಿ ಗೇಜ್ ಸೆಂಡರ್ (ಪೆಟ್ರೋಲ್ ಮಟ್ಟವನ್ನು ಗೇಜಿಗೆ ತಿಳಿಸುವ ಭಾಗ) ಬಿಚ್ಚಿ, ಆ ತೂತಿನಿಂದ ನೋಡಿದೆ. ಪೆಟ್ರೋಲ್ ಒಳಗೆ ಈರುಳ್ಳಿ ಸಿಪ್ಪೆಯಂಥದ್ದು ತೇಲಾಡುತ್ತಿತ್ತು. ತಂತಿಯಿಂದ ಹೊರಗೆ ಎಳೆದೆ. ಹೆಬ್ಬೆರಳಿನಷ್ಟು ಅಗಲ, ಕಂದು ಬಣ್ಣ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳು. ಒಂದು ಕಡೆ ದುಂಡಗೆ ಉಂಗುರದ ಗುರುತು ಬಿದ್ದಿದೆ. ನಳಿಕೆಯ ಬಾಯಿಗೆ ಇಟ್ಟು ನೋಡಿದರೆ ಗುರುತು ಸರಿಯಾಗಿ ಕೂತಿತು. ಒಳಗೆ ಇಂಥವು ಇನ್ನೂ ಇವೆ, ಗೋಡೆಯಿಂದ ಅರ್ಧಂಬರ್ಧ ಎದ್ದು ನಿಂತಿವೆ. ಏನಿದು?

ಪಾನಪಟ್ಟು:
ಯಾರೋ ಹಿಂದೆ ತುಕ್ಕು ತಡೆಯಲು ಟ್ಯಾಂಕ್ ಒಳಗೆ ಸೀಲರ್ ಬಳಿದಿದ್ದಾರೆ. ತುಕ್ಕು, ಎಣ್ಣೆ ಪೂರ್ತಿ ತೆಗೆಯದೆ ಮೇಲೆ ಬಳಿದರೆ ಕೆಲವು ವರ್ಷಕ್ಕೆ ಸಿಪ್ಪೆ ಏಳುತ್ತದೆ. ಕೆಲವು ಹಳೇ ಸೀಲರ್‌ಗಳನ್ನು ಎಥನಾಲ್ ಮೆತ್ತಗೆ ಮಾಡುತ್ತದೆ. ಕೈಗೆ ಸಿಕ್ಕಿದ್ದನ್ನಷ್ಟೇ ತೆಗೆದು ಮುಚ್ಚಬೇಡಿ, ಪೂರ್ತಿ ತೆಗೆಯಿರಿ.

ಅಸಿಟೋನ್ ಹಾಕಿ, ತೂತುಗಳನ್ನು ಮುಚ್ಚಿ, ಆಗಾಗ ಮಗ್ಗುಲು ಬದಲಿಸಿ ಒಂದು ದಿನ ಬಿಡಿ. ಅದೂ ಪೆಟ್ರೋಲ್‌ನಷ್ಟೇ ಬೇಗ ಹೊತ್ತಿಕೊಳ್ಳುತ್ತದೆ, ಹಾಗಾಗಿ ಬಯಲಲ್ಲಿ, ಕೈಗವಸು ಹಾಕಿಕೊಂಡು. ಸಿಪ್ಪೆ ಹೋದ ಮೇಲೆ ಸೋಪಿನ ಬಿಸಿನೀರು. ಆಮೇಲೆ ಒಳಗಿನ ತುಕ್ಕಿಗೆ ಸಿಟ್ರಿಕ್ ಆಸಿಡ್ ಬೆರೆಸಿದ ನೀರು ತುಂಬಿ ಒಂದು ದಿನ. ಅಲುಗಾಡಿಸಲು ನಟ್ಟುಗಳನ್ನು ಹಾಕುವುದಾದರೆ ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಕೊನೆಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಸಾದಾ ನೀರಲ್ಲಿ ಜಾಲಾಡಿ, ತಕ್ಷಣ ಒಣಗಿಸಬೇಕು. ತೊಳೆದ ಕಬ್ಬಿಣ ಗಂಟೆಯೊಳಗೆ ಕೆಂಪಗಾಗುತ್ತದೆ. ಒಣಗಿದ ಕೂಡಲೇ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿದ ಪೆಟ್ರೋಲ್ ಒಳಗೆಲ್ಲ ಆಡಿಸಿಬಿಡಿ.

ಟ್ಯಾಂಕ್ ತೂತಾಗಿಲ್ಲದಿದ್ದರೆ ಮತ್ತೆ ಸೀಲರ್ ಬಳಿಯಬೇಡಿ. ಬೇರೆಯವರು ಒಪ್ಪದಿರಬಹುದು, ನಾನಂತೂ ಗಟ್ಟಿ ಇರುವ ಟ್ಯಾಂಕಿಗೆ ಬಳಿಯುವುದೇ ಇಲ್ಲ.

ಹಳೇಗಾಡಿ:
ಎಲ್ಲ ಮುಗಿಸಲು ಆರು ದಿನ ಬೇಕಾಯಿತು. 14 ನಟ್ಟು ಹಾಕಿದ್ದೆ, 14ನೆಯದು ಬರಲು ಅರ್ಧ ಗಂಟೆ. ಟ್ಯಾಂಕಿನ ಹೊರಗೆ ಹೊಸ ಪೇಂಟ್ ಹೊಡೆದು, ಸೆಂಡರ್‌ಗೆ ಹೊಸ ಗ್ಯಾಸ್ಕೆಟ್ ಹಾಕಿ ಏರಿಸಿದೆ. ಈ ಬೆಳಿಗ್ಗೆ 64 ಕಿ.ಮೀ. ಓಡಿಸಿದೆ, ಏರು ರಸ್ತೆಯೂ ಇತ್ತು. ಒಂದು ಜರ್ಕ್ ಕೂಡ ಇಲ್ಲ. ನಿಮ್ಮಿಬ್ಬರಿಗೂ ತುಂಬಾ ಧನ್ಯವಾದ.

ಒಂದೇ ಒಂದು ಹೊಸ ತೊಂದರೆ. ಪೆಟ್ರೋಲ್ ಗೇಜ್ ಮುಳ್ಳು ಖಾಲಿ ಬಿಟ್ಟು ಮೇಲೆ ಏಳುತ್ತಿಲ್ಲ. ಟ್ಯಾಂಕ್ ಅರ್ಧ ತುಂಬಿದೆ.

ನೀಲಿಕಿಡಿ:
ಹೊಸ ಪೇಂಟ್, ಹೊಸ ಗ್ಯಾಸ್ಕೆಟ್ ಅಂದಿರಲ್ಲ, ಅದೇ ಇರಬೇಕು. ಸೆಂಡರ್‌ಗೆ ಟ್ಯಾಂಕಿನ ಮೈಯಿಂದಲೇ ಅರ್ಥ್ ಸಿಗಬೇಕು, ಪೇಂಟ್ ಅದನ್ನು ತಡೆದಿದೆ. ಬಿಚ್ಚಬೇಡಿ. ಮೊದಲು ಬ್ಯಾಟರಿ ವೈರ್ ತೆಗೆದು, ಸೆಂಡರ್‌ನ ಒಂದು ಸ್ಕ್ರೂ ಕೆಳಗೆ ವೈರ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಚಾಸಿಯಲ್ಲಿ ಪೇಂಟ್ ಕೆರೆದ ಜಾಗಕ್ಕೆ ಬೋಲ್ಟ್ ಮಾಡಿ. ಆಮೇಲೆ ಬ್ಯಾಟರಿ ಜೋಡಿಸಿ ನೋಡಿ.

ಹಳೇಗಾಡಿ:
ವೈರ್ ಹಾಕಿ ಸ್ವಿಚ್ ಆನ್ ಮಾಡಿದೆ. ಮುಳ್ಳು ನಿಧಾನಕ್ಕೆ ಎದ್ದು ಅರ್ಧಕ್ಕೆ ಬಂದು ನಿಂತಿತು.